ಕೊಡದೊಳಗಿನ ದೀಪ

ಬೆಳಕನ್ನು ಹುಟ್ಟಿಸುವುದು ಒಂದು ಸಾಧನೆ. ಹುಟ್ಟಿದ ಬೆಳಕನ್ನು ಹೊರಗೆ ತರುವುದು ಇನ್ನೊಂದು. ಲೋಕವು ಮೊದಲನೆಯದನ್ನು ಕೊಂಡಾಡಿ ಎರಡನೆಯದನ್ನು ಮರೆಯುತ್ತದೆ. ಕೊಡದೊಳಗೆ ಇರಿಸಿದ ದೀಪ ಎಷ್ಟು ಪ್ರಜ್ವಲಿಸಿದರೇನು? ಮನೆಯ ಕತ್ತಲೆ ಹಾಗೆಯೇ ಉಳಿಯುತ್ತದೆ. ಈ ಮಾತಿಗೆ ಇಂದಿನ ವಿಜ್ಞಾನದಲ್ಲಿಯೇ ಒಂದು ನಿದರ್ಶನವಿದೆ.

1987ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ವಿಜ್ಞಾನಿಗಳಾದ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್‌ಸ್ಲೈಕ್ ಹೊಸ ಬಗೆಯ ದೀಪವೊಂದನ್ನು ಲೋಕಕ್ಕೆ ಪರಿಚಯಿಸಿದರು. ವಿದ್ಯುತ್ತು ಹರಿಯುವ ಪಾರದರ್ಶಕ ಲೇಪವುಳ್ಳ ಗಾಜು; ಅದರ ಮೇಲೆ ಸಾವಯವ ಅರೆವಾಹಕಗಳ ಎರಡು ತೆಳುಪದರಗಳು; ಅವುಗಳ ಮೇಲೆ ಲೋಹದ ಹೊದಿಕೆ. ಎರಡು ಪದರಗಳೂ ಸೇರಿ ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗದಷ್ಟೂ ದಪ್ಪವಿರಲಿಲ್ಲ. 10 ವೋಲ್ಟಿಗಿಂತ ಕಡಿಮೆ ವಿದ್ಯುತ್ತಿಗೆ ಅವು ಹಸಿರಾಗಿ ಬೆಳಗಿದವು. ಇಂದು ಅನೇಕ ಮೊಬೈಲ್ ಫೋನುಗಳ ಪರದೆಗಳು ಬೆಳಗುವುದು ಇದೇ ತತ್ತ್ವದಿಂದ.

ಆದರೆ ಒಳಗೆ ಹುಟ್ಟಿದ ಬೆಳಕೆಲ್ಲವೂ ಕಣ್ಣನ್ನು ಸೇರುವುದಿಲ್ಲ. ಗಾಜಿನಿಂದ ಗಾಳಿಗೆ ಹೊರಟ ಕಿರಣವು ಲಂಬರೇಖೆಯಿಂದ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ, ಹೊರಬರಲಾರದೆ ಒಳಕ್ಕೇ ಹಿಂದಿರುಗುತ್ತದೆ. ಇದೇ ಪೂರ್ಣ ಆಂತರಿಕ ಪ್ರತಿಫಲನ. ತೆಳುಪದರಗಳಲ್ಲಿ ಸೆರೆಸಿಕ್ಕ ಬೆಳಕು ಕಾಲುವೆಯ ನೀರಿನಂತೆ ಪದರದ ಉದ್ದಕ್ಕೂ ಹರಿಯುತ್ತದೆ. ಮತ್ತೊಂದು ಪಾಲು ಲೋಹದ ಮೈಮೇಲಿನ ಎಲೆಕ್ಟ್ರಾನುಗಳನ್ನು ಅಲೆಯೆಬ್ಬಿಸಿ, ಕೊನೆಗೆ ಶಾಖವಾಗಿ ಕಳೆದುಹೋಗುತ್ತದೆ. ಸಾಧಾರಣವಾದ ಚಪ್ಪಟೆ ರಚನೆಯಲ್ಲಿ ಹೊರಬರುವುದು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ.

ಇದಕ್ಕಾಗಿ ನಿಸರ್ಗನಿಯಮವನ್ನು ದೂರುವುದು ಸಲ್ಲದು. ಬಾಗಿದ ನೀರಿನ ಧಾರೆಯೊಳಗೆ ಬೆಳಕು ಸಾಗುವುದನ್ನು ಜಿನೀವಾದ ಡೇನಿಯಲ್ ಕೊಲಾಡನ್ 1842ರಲ್ಲಿಯೇ ವಿವರಿಸಿದ್ದನು. ಕಡಲಾಚೆಗೆ ಮಾತನ್ನು ಒಯ್ಯುವ ಗಾಜಿನ ಎಳೆಗಳು ಕೆಲಸಮಾಡುವುದೂ ಈ ನಿಯಮದಿಂದಲೇ. ಅಲ್ಲಿ ದಾರಿಯಾದದ್ದು ಇಲ್ಲಿ ಸೆರೆಮನೆಯಾಗಿದೆ. ನಿಯಮವನ್ನು ಅರಿತವನು ಸೆರೆಯಿಂದ ಬಿಡಿಸುವ ಉಪಾಯವನ್ನೂ ಅರಿಯಬಲ್ಲನು. ಗಾಜಿನ ಹೊರಮೈಗೆ ಅತಿ ಸಣ್ಣ ಮಸೂರಗಳನ್ನು ಜೋಡಿಸುವುದು, ಬೆಳಕನ್ನು ಚದುರಿಸುವ ಪದರವನ್ನು ಸೇರಿಸುವುದು, ಲೋಹದ ಮೈಯನ್ನು ಸೂಕ್ಷ್ಮವಾಗಿ ಅಲೆಯಲೆಯಾಗಿಸುವುದು ಅಂತಹ ಉಪಾಯಗಳು.

ಇವೆಲ್ಲ ಕೇವಲ ಕುಶಲಕರ್ಮ, ಮೂಲಸಂಶೋಧನೆಯಲ್ಲ ಎಂದು ಕೆಲವರು ಭಾವಿಸಬಹುದು. ಆ ಭಾವನೆ ಸರಿಯಲ್ಲ. ಹೊರಬರುವ ಪಾಲು ಇಮ್ಮಡಿಯಾದರೆ ಅಷ್ಟೇ ಬೆಳಕಿಗೆ ಅರ್ಧದಷ್ಟು ವಿದ್ಯುತ್ತು ಸಾಕು. ದೀಪದ ಆಯುಸ್ಸೂ ಹೆಚ್ಚುತ್ತದೆ. ಕೋಟ್ಯಂತರ ಪರದೆಗಳು ಬೆಳಗುವ ಈ ಕಾಲದಲ್ಲಿ ಅದು ಅಲ್ಪ ಉಳಿತಾಯವಲ್ಲ. ವಿಜ್ಞಾನದ ಬೆಲೆಯನ್ನು ಒಳಗೆ ಹುಟ್ಟಿದ ಬೆಳಕಿನಿಂದಲ್ಲ, ಜನರ ಕಣ್ಣು ತಲುಪಿದ ಬೆಳಕಿನಿಂದ ಅಳೆಯಬೇಕು. ದೀಪ ಹೊತ್ತಿಸಿದವನಿಗೆ ಸಲ್ಲುವ ಗೌರವ, ಅದನ್ನು ಕೊಡದಿಂದ ಹೊರಗಿಟ್ಟವನಿಗೂ ಸಲ್ಲತಕ್ಕದ್ದು.