ಮುಚ್ಚಿದ ಬಾಗಿಲಿನ ಮರ್ಯಾದೆ

ನಾಯಕನಹಟ್ಟಿಯ ದೊಡ್ಡ ತೇರು ಸಾಂಗವಾಗಿ ಸಾಗಿತು. ಮುಕ್ತಿ ಬಾವುಟದ ಹರಾಜು ಎಷ್ಟಕ್ಕೆ ನಿಂತಿತು, ಕೂಗಿದವರು ಯಾರು, ರಥದ ಮುಂದೆ ಯಾವ ಮುಖಂಡರು ಎಷ್ಟು ಹೊತ್ತು ಕೈಮುಗಿದು ನಿಂತರು ಎಂಬುದೆಲ್ಲವೂ ಈ ವಾರದ ಪತ್ರಿಕೆಗಳಲ್ಲಿ ಸವಿಸ್ತಾರವಾಗಿ ಬಂದಿರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳಬೇಕಾದುದಿಲ್ಲ. ಬಾರದೆ ಉಳಿದ ಸಂಗತಿಯೊಂದಿದೆ. ಒಣಕೊಬ್ಬರಿ ಸುಟ್ಟು ಹರಕೆ ತೀರಿಸಿ, ಮಂಡಕ್ಕಿಯ ಪೊಟ್ಟಣವನ್ನು ಕಂಕುಳಲ್ಲಿ ಅವುಚಿಕೊಂಡು, ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಚಳ್ಳಕೆರೆಯ ಬಸ್ಸು ಹತ್ತಿದ ಆ ಜನರು ರಾತ್ರಿ ಎಲ್ಲಿ ತಲೆಯಿಟ್ಟರು, ಅವರಿಂದ ಹಣ ಪಡೆದವರು ಅವರನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಯಾರೂ ಬರೆಯಲಿಲ್ಲ. ಆದುದರಿಂದ ನಾನು ಬರೆಯುತ್ತೇನೆ. ಒಂದೇ ಕೋಣೆಯನ್ನು ಇಬ್ಬರಿಗೆ ಕೊಡುವ ಲಾಡ್ಜುಗಳ ವಿಷಯವಾಗಿ ಬರೆಯುತ್ತೇನೆ.

ಚಳ್ಳಕೆರೆಯ ಲಾಡ್ಜೊಂದರಲ್ಲಿ ನನಗಾಗಿ ಕೋಣೆ ಹೇಳಿಟ್ಟಿತ್ತು. ಮುಂಗಡ ಹಣವೂ ಸಂದಿತ್ತು. ರಾತ್ರಿ ಹತ್ತು ಗಂಟೆ ಮೀರಿದ ಮೇಲೆ ಅಲ್ಲಿಗೆ ತಲುಪಿದೆ. ಮ್ಯಾನೇಜರು ನನ್ನ ಆಧಾರ್ ಕಾರ್ಡಿನ ಎರಡು ಮಗ್ಗುಲನ್ನೂ ಜೆರಾಕ್ಸ್ ಮಾಡಿಕೊಂಡರು. ತಂದೆಯ ಹೆಸರು, ಬಂದ ಊರು, ಹೋಗುವ ಊರು, ಬಂದ ಉದ್ದೇಶ ಇವೆಲ್ಲವನ್ನೂ ಉದ್ದನೆಯ ರಿಜಿಸ್ಟರಿನಲ್ಲಿ ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ರೂಮ್ ಬಾಯ್ ಹುಡುಗ ಕೀಲಿ ಹಿಡಿದು ಎರಡು ಮಹಡಿ ಹತ್ತಿ, ಬಾಗಿಲನ್ನು ತಟ್ಟದೆ, ಒಳಗೆ ಯಾರಾದರೂ ಇರಬಹುದೆಂಬ ಶಂಕೆಯೂ ಇಲ್ಲದೆ, ಗುಂಡು ಹಿಡಿಯನ್ನು ತಿರುಗಿಸಿ ಬಾಗಿಲು ತೆರೆದ. ಒಳಗೆ ಮಂಚದ ಮೇಲೆ ಹಸುಗೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಒಬ್ಬ ತಾಯಿ ಮಲಗಿದ್ದಳು. ಆಕೆಯ ಪಕ್ಕದಲ್ಲಿ ಹತ್ತು ಹನ್ನೆರಡು ವರ್ಷದ ಮಗಳು. ಬೆಳಕು ಒಳಗೆ ಬಿದ್ದೊಡನೆ ಆ ಹೆಂಗಸು ಧಡಕ್ಕನೆ ಎದ್ದು ಕುಳಿತು, ಸೆರಗು ಸರಿಪಡಿಸಿಕೊಳ್ಳುವುದಕ್ಕೂ ಮೊದಲು, ಮಗಳ ಮುಖಕ್ಕೆ ಅಡ್ಡವಾಗಿ ತನ್ನ ಕೈಯನ್ನು ಚಾಚಿದಳು. "ಯಾರು? ಯಾರ್ರೀ ಅದು?" ಎಂದ ಆ ಧ್ವನಿಯಲ್ಲಿದ್ದ ಭಯವನ್ನು ನಾನು ಬಹುಕಾಲ ಮರೆಯಲಾರೆ. ಆಕೆಯ ಗಂಡ ಕೂಸಿಗೆ ಹಾಲು ತರಲೆಂದು ಕೆಳಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು.

ಕೆಳಗೆ ಬಂದಾಗ ಮ್ಯಾನೇಜರು ಎದ್ದು ನಿಂತರು. "ಸಾರಿ ಸಾ, ಜಾತ್ರೆ ಟೈಮು, ಸ್ವಲ್ಪ ಕನ್‌ಫ್ಯೂಸ್ ಆತು. ಕೂತ್ಕಳಿ, ಟೀ ತರಿಸ್ತೀನಿ, ಬೇರೆ ರೂಮ್ ಕೊಡ್ತೀನಿ" ಎಂದರು. "ಮೇಲಿರುವ ಆ ತಾಯಿಗೆ ಏನು ಹೇಳುತ್ತೀರಿ?" ಎಂದು ಕೇಳಿದೆ. ಅವರಿಗೆ ಆ ಪ್ರಶ್ನೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅವ್ರಿಗೇನು ಸಾ? ಅವ್ರಿಗೆ ರೂಮ್ ಐತಲ್ಲ" ಎಂದರು.

ಈ ವಾರವೆಲ್ಲ ನನ್ನನ್ನು ಕೆರಳಿಸಿರುವುದು ಆ ಉತ್ತರ. ಹೊರಗೆ ನಿಂತವನಿಗೆ ಕ್ಷಮಾಪಣೆ, ಚಹಾ, ಬದಲಿ ಕೋಣೆ. ಒಳಗಿದ್ದವಳಿಗೆ ಒಂದು ಮಾತೂ ಇಲ್ಲ. ಇಂಥ ಪ್ರಸಂಗಗಳ ಮಾತು ಬಂದಾಗಲೆಲ್ಲ ನಾವು ಮರುಗುವುದು ಚೀಲ ಹಿಡಿದು ಕೌಂಟರಿನ ಮುಂದೆ ನಿಂತ ಪ್ರಯಾಣಿಕನಿಗಾಗಿ. ಅವನಿಗಾದ ನಷ್ಟವಾದರೂ ಏನು? ಅರ್ಧ ಗಂಟೆಯ ವಿಳಂಬ, ಹೆಚ್ಚೆಂದರೆ ಒಂದು ರಾತ್ರಿಯ ಅಲೆದಾಟ. ಆದರೆ ಹಣ ಕೊಟ್ಟು, ಚಿಲಕದ ಮೇಲೆ ವಿಶ್ವಾಸವಿಟ್ಟು, ಪರಸ್ಥಳದಲ್ಲಿ ನಾಲ್ಕು ಗೋಡೆಗಳನ್ನು ತನ್ನವೆಂದು ನಂಬಿ ಕಣ್ಣು ಮುಚ್ಚಿದವಳ ಬಾಗಿಲನ್ನು ಲಾಡ್ಜಿನವರೇ ಅಪರಿಚಿತನೊಬ್ಬನಿಗೆ ತೆರೆದುಕೊಟ್ಟಾಗ ಆಗುವ ಹಾನಿಗೆ ಬದಲಿ ಕೋಣೆಯಲ್ಲಿ ಪರಿಹಾರವಿಲ್ಲ. ಆ ರಾತ್ರಿ ಆಕೆ ಮತ್ತೆ ನಿದ್ರೆ ಹೋಗಿರಲಾರಳು; ಆ ಹುಡುಗಿ ಇನ್ನು ಯಾವ ಊರಿನ ಯಾವ ಲಾಡ್ಜಿನಲ್ಲಿಯೂ ನಿಶ್ಚಿಂತೆಯಿಂದ ಮಲಗಲಾರಳು.

ಇದನ್ನು ಅತಿಶಯೋಕ್ತಿ ಎನ್ನುವವರು ಅಮೆರಿಕದ ನ್ಯಾಶ್ವಿಲ್ ನಗರದ ಪ್ರಕರಣವನ್ನು ನೆನೆಯಬೇಕು. 2008ರಲ್ಲಿ ಅಲ್ಲಿಯ ಹೋಟೆಲೊಂದರಲ್ಲಿ ತಂಗಿದ್ದ ಕ್ರೀಡಾ ವರದಿಗಾರ್ತಿಯ ಪಕ್ಕದ ಕೋಣೆಯನ್ನು ದುರುಳನೊಬ್ಬ ಕೇಳಿ ಪಡೆದು, ಬಾಗಿಲಿನ ರಂಧ್ರದ ಮೂಲಕ ಆಕೆಯ ಚಿತ್ರವನ್ನು ಸೆರೆಹಿಡಿದ. 2016ರಲ್ಲಿ ಜ್ಯೂರಿಯವರು 5.5 ಕೋಟಿ ಡಾಲರುಗಳ ಪರಿಹಾರ ವಿಧಿಸಿದಾಗ ಅದರ ಸುಮಾರು ಅರ್ಧದಷ್ಟು ಹೊಣೆಯನ್ನು ಹೋಟೆಲಿನ ಒಡೆಯರ ಮತ್ತು ಅದನ್ನು ನಡೆಸುವವರ ಮೇಲೆಯೇ ಹೊರಿಸಿದರು. ಯಾರಿಗೆ ಯಾವ ಕೋಣೆ ಎಂಬ ನಿರ್ಣಯ ಕೌಂಟರಿನ ಹಿಂದೆ ಕುಳಿತವನ ಅನುಕೂಲದ ವಿಷಯವಲ್ಲ, ಈಗಾಗಲೆ ಒಳಗಿರುವವರ ರಕ್ಷಣೆಯ ವಿಷಯ ಎಂಬುದನ್ನು ಆ ತೀರ್ಪು ಸ್ಪಷ್ಟಪಡಿಸಿತು. ನಮ್ಮಲ್ಲಿಯಾದರೂ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದೆ. ಆ ಹಕ್ಕು ಸ್ವಂತ ಮನೆಯ ಹೊಸಿಲು ದಾಟಿದೊಡನೆ ಮುಗಿದುಹೋಗುವಂಥದಲ್ಲ. ಬಾಡಿಗೆ ತೆತ್ತ ಒಂದು ರಾತ್ರಿಯ ಕೋಣೆಯೂ ಆ ರಾತ್ರಿಯ ಮಟ್ಟಿಗೆ ಮನೆಯೇ.

ಇಂಥ ಪ್ರಮಾದ ಹೇಗೆ ಆಗುತ್ತದೆ ಎಂಬುದು ನಿಗೂಢವೇನಲ್ಲ. ನಮ್ಮ ಸೀಮೆಯ ಲಾಡ್ಜುಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು 24 ಗಂಟೆಯ ಲೆಕ್ಕ. ರಾತ್ರಿ ಒಂಬತ್ತಕ್ಕೆ ಬಂದವನಿಗೆ ಮರುದಿನ ರಾತ್ರಿ ಒಂಬತ್ತರವರೆಗೆ ಕೋಣೆಯ ಮೇಲೆ ಅಧಿಕಾರವುಂಟು. ಮೊಬೈಲಿನ ಆ್ಯಪುಗಳು ಕೋಣೆ ಮಾರುವುದಾದರೋ ತಾರೀಖಿನ ಲೆಕ್ಕದಲ್ಲಿ. ಮಧ್ಯಾಹ್ನ ಹನ್ನೆರಡಾದರೆ ಅವುಗಳ ಪಾಲಿಗೆ ಹಳಬ ಹೋದ, ಹೊಸಬ ಬಂದ. ಈ ಎರಡು ಲೆಕ್ಕಗಳನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡ ಮ್ಯಾನೇಜರು ಎರಡು ಕಡೆಯ ಹಣವನ್ನೂ ಪಡೆಯುತ್ತಾರೆಯೇ ಹೊರತು ಎರಡು ಲೆಕ್ಕವನ್ನೂ ತಾಳೆ ನೋಡುವುದಿಲ್ಲ. ಇದರ ಮೇಲೆ ಜಾತ್ರೆಯ ದಿನಗಳಲ್ಲಿ 'ಫ್ರೆಶ್‌ಅಪ್' ಎಂದು ಎರಡು ಮೂರು ತಾಸಿಗೆ ಕೋಣೆ ಕೊಟ್ಟು, ಆ ಹಣವನ್ನು ಯಾವ ಪುಸ್ತಕದಲ್ಲಿಯೂ ಬರೆಯದೆ ಬಿಡುವ ಪರಿಪಾಠ ಬೇರೆ. ರಿಜಿಸ್ಟರಿನಲ್ಲಿ 'ಬಿಟ್ಟ ವೇಳೆ' ಎಂಬ ಕಾಲಂ ಒಂದಿದೆ. ಆ ರಾತ್ರಿ ನಾನು ಸಹಿ ಹಾಕಿದ ಪುಟದಲ್ಲಿ ಅದು ಮೇಲಿನಿಂದ ಕೆಳಗಿನವರೆಗೆ ಖಾಲಿಯಾಗಿತ್ತು. ಅದರ ಹಿಂದಿನ ಪುಟದಲ್ಲಿ ಒಂದೇ ಪೆನ್ನಿನಿಂದ, ಒಂದೇ ಕೈಯಿಂದ, ಒಂದೇ ಉಸುರಿನಲ್ಲಿ ತುಂಬಿದಂತೆ ಎಲ್ಲರೂ ಬೆಳಗಿನ ಹತ್ತು ಗಂಟೆಗೇ ಕೋಣೆ ಬಿಟ್ಟಿದ್ದರು.

ಬೀಗದ ವಿಷಯವನ್ನೂ ಹೇಳಬೇಕು. ಓದುಗರಲ್ಲಿ ಹಲವರಿಗೆ ಇದು ನನ್ನ ಹಳೆಯ ಹಟವೆಂದು ತಿಳಿದಿದೆ. ಹಿಂದಿನ ಲಾಡ್ಜುಗಳಲ್ಲಿ ಹೊರಗೆ ಅಗುಳಿಗೆ ಬೀಗ ಜೋತಿದ್ದರೆ ಒಳಗೆ ಜನವಿಲ್ಲ, ಬೀಗವಿಲ್ಲದೆ ಬಾಗಿಲು ಮುಚ್ಚಿದ್ದರೆ ಒಳಗೆ ಜನರಿದ್ದಾರೆ ಎಂಬುದು ಓದುಬರಹ ಬಾರದ ಹುಡುಗನಿಗೂ ದೂರದಿಂದಲೇ ಕಾಣುತ್ತಿತ್ತು. ಅದನ್ನು ಕಿತ್ತು, ಹೊರಗಿನಿಂದ ನೋಡಿದರೆ ತುಂಬಿದ ಕೋಣೆಗೂ ಖಾಲಿ ಕೋಣೆಗೂ ಭೇದವೇ ತೋರದ ಗುಂಡು ಹಿಡಿಯ ಲಾಕುಗಳನ್ನು ಹಾಕಿ, ಒಂದೊಂದಕ್ಕೂ ಎರಡೆರಡು ಕೀಲಿಗಳನ್ನು ಗೋಡೆಯ ಹಲಗೆಗೆ ತೂಗುಹಾಕಿ, ಇದನ್ನು ಸುಧಾರಣೆಯೆಂದು ನಮಗೆ ಹೇಳಿದರು.

ಚಳ್ಳಕೆರೆ ಈಗ ಎಣ್ಣೆ ಗಿರಣಿಗಳ, ಶೇಂಗಾ ವ್ಯಾಪಾರದ, ಕಂಬಳಿ ಸಂತೆಯ ಊರಾಗಿ ಮಾತ್ರ ಉಳಿದಿಲ್ಲ. ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರವು 2017ರಲ್ಲಿ ಉದ್ಘಾಟನೆಯಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಹುಲ್ಲುಗಾವಲಿನ ಅಮೃತಮಹಲ್ ಕಾವಲುಗಳ ನಡುವೆ ದೇಶದ ಮೇಧಾವಿಗಳು ಓಡಾಡುತ್ತಿದ್ದಾರೆ. ಬಂದವರಿಗೆಲ್ಲ ರಾತ್ರಿ ಕಳೆಯಲು ಕೋಣೆ ಬೇಕು. ಬೇಡಿಕೆ ಹೆಚ್ಚಿದಷ್ಟೂ ವ್ಯವಸ್ಥೆ ಬಿಗಿಯಾಗಬೇಕಾದುದು ಧರ್ಮ. ಇಲ್ಲಿ ಬಿಗಿಯಾಗಿರುವುದು ಬಾಡಿಗೆಯ ದರ ಮಾತ್ರ. 'ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ' ಎಂಬ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತನ್ನು ಆ ಲಾಡ್ಜಿನ ಕೌಂಟರಿನ ಮೇಲೆ, ಅವರ ಪಟದ ಕೆಳಗೆ ಬರೆದು ತೂಗುಹಾಕಿದ್ದಾರೆ. ಕೆರೆ ಕಟ್ಟಿಸಿ, ಕೆಲಸಕ್ಕೆ ತಕ್ಕ ಕೂಲಿಯೆಂದು ಬೋಧಿಸಿದ ಮಹನೀಯರ ಪಟದಡಿಯಲ್ಲಿ ಕುಳಿತು, ಮಾಡದ ಕೆಲಸಕ್ಕೆ ಇಬ್ಬರಿಂದ ಹಣ ಎಣಿಸಿಕೊಳ್ಳುವುದಕ್ಕೆ ನಾಚಿಕೆಯಾಗಬೇಡವೆ?

ಮರುದಿನ ನಾನು ಮೊಳಕಾಲ್ಮೂರಿಗೆ ಹೋದೆ. ಅಲ್ಲಿ ರೇಷ್ಮೆ ಸೀರೆ ನೇಯುವ ಹಿರಿಯರೊಬ್ಬರು ನನಗೆ ಬಹುದಿನದ ಪರಿಚಿತರು; ಶಾಲೆಯನ್ನು ನಾಲ್ಕನೆಯ ತರಗತಿಗೇ ಬಿಟ್ಟವರು. ಅವರ ಕೈಕೆಳಗೆ ಕೆಲವು ಮಗ್ಗಗಳಿವೆ. ಒಂದೊಂದು ಮಗ್ಗಕ್ಕೂ ಒಂದೊಂದು ಪುಟದಂತೆ ಮಾಸಿದ ನೋಟುಪುಸ್ತಕವೊಂದನ್ನು ಗೋಡೆಯ ಗೂಡಿನಲ್ಲಿ ಇಟ್ಟಿದ್ದಾರೆ. ಹಾಸು ಏರಿಸಿದ ದಿನ, ಒಡಲಿನ ಬಣ್ಣ, ಅಂಚಿನ ಬಣ್ಣ, ಯಾವ ಅಂಗಡಿಯವರಿಗೆ, ಕೊನೆಯ ಸೀರೆ ಇಳಿದ ದಿನ. ಹಿಂದಿನ ರಾತ್ರಿಯ ಕಥೆಯನ್ನು ಹೇಳಿದಾಗ ಅವರು ಲಾಳಿಯನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದು, "ಹಳೇ ಹಾಸು ಇಳೀದೆ ಆ ಮಗ್ಗಕ್ಕೆ ಇನ್ನೊಂದು ಹೆಸರು ಬರೆಯೋ ಹಂಗಿಲ್ಲ ಸ್ವಾಮಿ. ಬರೆದೋನು ನೇಕಾರನೇ ಅಲ್ಲ" ಎಂದರು. ಕಂಪ್ಯೂಟರಿಲ್ಲದ, ಆ್ಯಪಿಲ್ಲದ ಆ ಪುಸ್ತಕದಲ್ಲಿ 'ಇಳಿದ ದಿನ'ದ ಕಾಲಂ ಖಾಲಿಯಿರುವ ಪುಟಕ್ಕೆ ಎರಡನೆಯ ಹೆಸರು ಎಂದೂ ಬಿದ್ದಿಲ್ಲ. ಲಾಡ್ಜು ನಡೆಸುವುದಕ್ಕೆ ಇದಕ್ಕಿಂತ ಹೆಚ್ಚಿನ ವಿದ್ಯೆ ಬೇಡ.

ಕಾನೂನು ಏನು ಮಾಡುತ್ತಿದೆ? ವಿಮಾನದಲ್ಲಿ ಆಸನಕ್ಕಿಂತ ಹೆಚ್ಚು ಟಿಕೆಟು ಮಾರಿ ಪ್ರಯಾಣಿಕನನ್ನು ಹತ್ತಿಸದೆ ಬಿಟ್ಟರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಒದಗಿಸದಿದ್ದಲ್ಲಿ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ 10,000 ರೂಪಾಯಿಯವರೆಗೆ, ಬದಲಿ ವಿಮಾನ 24 ಗಂಟೆಗೂ ತಡವಾದರೆ 20,000 ರೂಪಾಯಿಯವರೆಗೆ ಪರಿಹಾರ ಸಲ್ಲಬೇಕು. ಆಕಾಶದಲ್ಲಿ ಹಾರುವವರಿಗೆ ಕ್ಲುಪ್ತವಾದ ನಿಯಮವಿರುವಾಗ, ಕೆಂಪು ಬಸ್ಸಿನಲ್ಲಿ ಜಾತ್ರೆಗೆ ಬಂದು ಲಾಡ್ಜಿನಲ್ಲಿ ಮಲಗುವವರಿಗೆ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 'ಸೇವಾ ನ್ಯೂನತೆ' ಎಂಬ ಸಾಮಾನ್ಯ ಮಾತೊಂದೇ. ಅದನ್ನಾದರೂ ಬಳಸಬೇಕು. ಚಿತ್ರದುರ್ಗದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 1915 ಎಂಬ ಸಹಾಯವಾಣಿಯಿದೆ. ಬದಲಿ ಕೋಣೆ ಸಿಕ್ಕಿತೆಂದು ಸಮಾಧಾನಪಟ್ಟುಕೊಂಡು ಮಲಗುವ ಹೊರಗಿನವರು ಒಳಗಿದ್ದವರ ಪರವಾಗಿ ಸಾಕ್ಷಿ ನುಡಿಯಲು ಸಿದ್ಧರಾಗಬೇಕು. ಲಾಡ್ಜಿನ ರಿಜಿಸ್ಟರನ್ನು ಪರಿಶೀಲಿಸುವ ಪೊಲೀಸರು, ಬಂದವರ ಗುರುತಿನ ಚೀಟಿಯನ್ನು ನೋಡುವಷ್ಟೇ ಶ್ರದ್ಧೆಯಿಂದ, 'ಬಿಟ್ಟ ವೇಳೆ'ಯ ಖಾಲಿ ಕಾಲಂ ಅನ್ನೂ ನೋಡಬೇಕು. ತಟ್ಟದೆ ಯಾವ ಬಾಗಿಲನ್ನೂ ತೆರೆಯಕೂಡದು, ಒಳಗಿನಿಂದ ಹಾಕಿದ ಚಿಲಕ ಹೊರಗಿನ ಕೀಲಿಗೆ ಬಗ್ಗಕೂಡದು ಎಂಬೆರಡು ವಿಧಿಗಳನ್ನು ಪರವಾನಗಿಯ ಷರತ್ತಾಗಿ ಬರೆಯುವುದಕ್ಕೆ ಪುರಸಭೆ ನಗರಸಭೆಗಳಿಗೆ ಆಯೋಗ, ಸಮಿತಿ, ವರದಿಗಳು ಬೇಕಾಗಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇರುವ ಬ್ರಹ್ಮಗಿರಿಯ ಬಂಡೆಯನ್ನು ಕಾಣದೆ ಆ ದಾರಿಯಲ್ಲಿ ಹಿಂದಿರುಗುವುದು ನನಗೆ ಸಾಧ್ಯವಿಲ್ಲ. ಬಿ.ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲಿ ತಾಯಿತಂದೆಯರ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಆದೇಶಗಳ ಜೊತೆಗೆ 256 ಎಂಬ ಸಂಖ್ಯೆಯೊಂದು ಕೆತ್ತಿದೆ. ದೊರೆ ಮನೆಯಿಂದ ದೂರವಾಗಿ ಪ್ರವಾಸದಲ್ಲಿ ಕಳೆದ ರಾತ್ರಿಗಳ ಗಣನೆ ಅದೆಂದು ಹಲವು ವಿದ್ವಾಂಸರು ಅರ್ಥೈಸಿದ್ದಾರೆ. ಪರಸ್ಥಳದಲ್ಲಿ ಕಳೆದ ರಾತ್ರಿಯ ಬೆಲೆಯನ್ನು ಬಲ್ಲ ಆ ದೊರೆ, ದಾರಿಯ ಪಕ್ಕದಲ್ಲಿ ಬಾವಿ ತೋಡಿಸಿ, ನೆರಳಿನ ಮರ ನೆಡಿಸಿ, ತಂಗುದಾಣಗಳನ್ನು ಕಟ್ಟಿಸಿದುದಾಗಿ ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಬ್ರಹ್ಮಗಿರಿಯ ಬರಹದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರನೆಂಬುದನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ದಾಖಲಿಸಿದ್ದಾನೆ. ಇದನ್ನು ಬರೆದವನು ನಾನು, ಇದರ ಹೊಣೆ ನನ್ನದು ಎಂದು ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ ಒಬ್ಬ ಬರವಣಿಗೆಯ ನೌಕರ ಕಲ್ಲಿನ ಮೇಲೆ ಒಪ್ಪಿಕೊಂಡ.

ನಮ್ಮ ಲಾಡ್ಜುಗಳ ರಿಜಿಸ್ಟರಿನಲ್ಲಿ ಬಂದವನ ಸಹಿಗೆ ಸ್ಥಳವಿದೆ. ಕೋಣೆ ಕೊಟ್ಟವನ ಸಹಿಗೆ ಸ್ಥಳವಿಲ್ಲ. ತಪ್ಪಾದಾಗ 'ಸಿಸ್ಟಮ್ ತಪ್ಪು' ಎನ್ನುತ್ತಾರೆ, 'ಹುಡುಗ ಹೊಸಬ' ಎನ್ನುತ್ತಾರೆ, 'ಜಾತ್ರೆ' ಎನ್ನುತ್ತಾರೆ. 'ನಾನು' ಎನ್ನುವವರೊಬ್ಬರೂ ಇಲ್ಲ. ಒಂದು ಮುಚ್ಚಿದ ಬಾಗಿಲಿನ ಹಿಂದೆ ಮನುಷ್ಯರಿದ್ದಾರೆಯೆ ಎಂದು ಬೆರಳು ಮಡಿಸಿ ತಟ್ಟಿ ಕೇಳುವಷ್ಟು ಶ್ರಮ ಪಡದವರಿಗೆ ನಮ್ಮ ತಂದೆಯ ಹೆಸರನ್ನೂ ಆಧಾರಿನ ಹನ್ನೆರಡು ಅಂಕಿಗಳನ್ನೂ ಕೇಳುವ ಅಧಿಕಾರ ಎಲ್ಲಿಂದ ಬಂತು? ಮೊದಲು ಬಾಗಿಲು ತಟ್ಟುವುದನ್ನು ಕಲಿಯಲಿ. ನಾವು ಯಾರೆಂಬುದನ್ನು ಆಮೇಲೆ ಕೇಳಲಿ.