ಊರು ಬಿಟ್ಟವರು ಕಟ್ಟಿದ ಪಾಠ

ಕೋಲ್ಕತ್ತದ ಎದುರು ದಂಡೆಯಲ್ಲಿ, ಹೂಗ್ಲಿ ನದಿಯಾಚೆಯ ಶಿಬ್ಪುರದಲ್ಲಿ, ಹಳೆಯ ಬೆಂಗಾಲ್ ಎಂಜಿನಿಯರಿಂಗ್ ಕಾಲೇಜಿದೆ. 1923ರಲ್ಲಿ ಮುರ್ಷಿದಾಬಾದಿನಲ್ಲಿ ಹುಟ್ಟಿದ ಮುಝಹರುಲ್ ಇಸ್ಲಾಂ 1946ರಲ್ಲಿ ಅಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದರು. ಬಂಗಾಳ 1943ರ ಕ್ಷಾಮವನ್ನೂ 1946ರ ಆಗಸ್ಟಿನ ಗಲಭೆಯನ್ನೂ ಕಂಡ ಕಾಲವದು. ದೇಶ ಒಡೆದ ಮೇಲೆ ಅವರು ಢಾಕಾ ಸೇರಿದರು. ವಾಸ್ತುಶಿಲ್ಪ ಕಲಿಯಲು ಮೊದಲು ಅಮೆರಿಕದ ಒರೆಗಾನ್‌ಗೆ, 1956ರ ಹೊತ್ತಿಗೆ ಉಷ್ಣವಲಯದ ಕಟ್ಟಡಶಾಸ್ತ್ರ ಕಲಿಯಲು ಲಂಡನ್ನಿಗೆ ಹೋದರು.

ಲಂಡನ್ನಿನ ಆ ವಿಭಾಗವನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು ಓಟ್ಟೊ ಕೋನಿಗ್ಸ್‌ಬರ್ಗರ್. ಕನ್ನಡಿಗರು ಹೆಚ್ಚು ಪರಿಚಯ ಮಾಡಿಕೊಳ್ಳಬೇಕಾದ ಹೆಸರಿದು. ಬರ್ಲಿನ್ನಿನಲ್ಲಿ ಓದಿದ ಈ ಯಹೂದಿ ಮೂಲದ ತರುಣ 1933ರಲ್ಲಿ ನಾಜಿಗಳಿಂದ ಕೆಲಸ ಕಳೆದುಕೊಂಡರು. 1939ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರವು. ಬಿಸಿಲು, ಗಾಳಿ, ಮಳೆಗಳನ್ನು ಅವರು ಕಲಿತದ್ದು ಇಲ್ಲಿ ಕೆಲಸ ಮಾಡುತ್ತ. ಆ ಕಲಿಕೆಯೇ ಮುಂದೆ ಲಂಡನ್ನಿನಲ್ಲಿ ಪಾಠವಾಯಿತು.

ಜನಪರ ವಿನ್ಯಾಸ ಎಂಬ ಮಾತು ಈಗ ಎಲ್ಲ ವಾಸ್ತುಶಿಲ್ಪ ಕಾಲೇಜುಗಳಲ್ಲೂ ಕೇಳಿಬರುತ್ತದೆ. ಕೊಳೆಗೇರಿಗೆ ಒಂದು ದಿನ ಹೋಗಿಬಂದು, ಚೆಂದದ ನಕ್ಷೆ ಬರೆದರೆ ಅಂಕ ಸಿಗುತ್ತದೆ. ಆದರೆ ಇವರಿಬ್ಬರ ಬದುಕು ಬೇರೆ ಮಾತು ಹೇಳುತ್ತದೆ. ಊರು ಬಿಟ್ಟು ಬಂದವನಿಗೆ ಹೊಸ ಊರಿನ ಯಾವುದೂ ಸಹಜವೆನಿಸುವುದಿಲ್ಲ. ಆದ್ದರಿಂದ ಅವನು ಕೇಳಲೇಬೇಕು. ಕೇಳುವ ಆ ಅಭ್ಯಾಸವೇ ಜನಪರತೆಯ ಮೊದಲ ಮೆಟ್ಟಿಲು.

ಪರಕೀಯನಾದ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆ ಕೋನಿಗ್ಸ್‌ಬರ್ಗರ್ ಅವರೇ ಸಾಕ್ಷಿ. ಸ್ವತಂತ್ರ ಭಾರತದ ವಸತಿ ನಿರ್ದೇಶಕರಾಗಿದ್ದಾಗ, ನಿರಾಶ್ರಿತರಿಗೆ ಬೇಗ ಮನೆ ಕೊಡಲು, ಕಾರ್ಖಾನೆಯಲ್ಲಿ ಗೋಡೆ ತಯಾರಿಸುವ ಯೋಜನೆ ದೆಹಲಿಯಲ್ಲಿ ನಡೆಯಿತು. ಅದು ಸೋತಿತು, 1951ರಲ್ಲಿ ಅವರು ದೇಶ ಬಿಟ್ಟರು. ಒಳ್ಳೆಯ ಉದ್ದೇಶವೂ ಈ ನೆಲದ ಕೈಗಳಿಗೆ, ಸಾಮಗ್ರಿಗೆ ಹೊಂದದಿದ್ದರೆ ನಿಲ್ಲದು. ಅವರ ಮುಂದಿನ ಬೋಧನೆ ಸಿದ್ಧಪರಿಹಾರಗಳನ್ನು ಅನುಮಾನದಿಂದ ನೋಡಿತು.

ಮುಝಹರುಲ್ ಆ ಪಾಠವನ್ನು ಬೇರೆ ದಾರಿಯಲ್ಲಿ ಮೈಗೂಡಿಸಿಕೊಂಡರು. ಲಂಡನ್ನಿಗೆ ಹೋಗುವ ಮೊದಲೇ ಅವರು ರೂಪಿಸಿದ್ದ ಢಾಕಾದ ಕಲಾ ಕಾಲೇಜಿನಲ್ಲಿ ಇಟ್ಟಿಗೆಯ ಗೋಡೆ, ಗಾಳಿಯಾಡುವ ಜಗಲಿ, ಉಳಿಸಿಕೊಂಡ ಮರಗಳು ಇವೆ. ಢಾಕಾದ ಸಂಸತ್ ಭವನದ ಕೆಲಸ ತಮ್ಮ ಬಳಿ ಬಂದಾಗ ಅವರು ಲೂಯಿ ಕಾನ್ ಅವರಂಥ ದೊಡ್ಡವರನ್ನು ಕರೆಸಲು ಒತ್ತಾಯಿಸಿದರು. ತಮ್ಮ ಹೆಸರಿಗಿಂತ ಊರಿಗೆ ಏನು ಉಳಿಯಬೇಕು ಎಂಬುದನ್ನು ಮುಂದಿಟ್ಟ ನಿರ್ಧಾರವಿದು.

ಕೋಲ್ಕತ್ತ ಕೂಡ ಇದೇ ಪಾಠ ಹೇಳಿಕೊಟ್ಟಿದೆ. 1970ರ ದಶಕದಲ್ಲಿ ಅಲ್ಲಿನ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಬಸ್ತಿಗಳನ್ನು ನೆಲಸಮ ಮಾಡುವ ಬದಲು ನಲ್ಲಿ, ಶೌಚಾಲಯ, ಚರಂಡಿ, ಕಾಲುದಾರಿಗಳನ್ನು ಒದಗಿಸುವ ಕೆಲಸ ಹಿಡಿಯಿತು. ಇದರಿಂದ ಬಸ್ತಿಗಳು ಮಾಯವಾಗಲಿಲ್ಲ, ಬಾಡಿಗೆ ಮತ್ತು ಹಕ್ಕಿನ ತಕರಾರೂ ಮುಗಿಯಲಿಲ್ಲ. ಆದರೆ ಜನ ಕೆಲಸಕ್ಕೆ ಹತ್ತಿರವೇ ಉಳಿದರು. ದುಡಿಯುವವನಿಗೆ ಊರಾಚೆಯ ಹೊಸ ಮನೆಗಿಂತ ಇದು ಎಷ್ಟೋ ಸಲ ದೊಡ್ಡ ಸೌಕರ್ಯ.

ಆದ್ದರಿಂದ ಬೆಂಗಳೂರಿನಲ್ಲಾಗಲಿ ಕೋಲ್ಕತ್ತದಲ್ಲಾಗಲಿ, ದೂರದ ಊರಿಂದ ಬಂದ ವಿದ್ಯಾರ್ಥಿಯನ್ನು ಕಾಲೇಜು ಕೊರತೆಯುಳ್ಳವನೆಂದು ನೋಡಬಾರದು. ನಗರವನ್ನು ಹೊಸ ಕಣ್ಣಿಂದ ನೋಡುವ ಶಕ್ತಿ ಅವನಲ್ಲಿದೆ. ಅವನಿಗೆ ನಕ್ಷೆಯ ಜೊತೆ ಮೂರು ಪ್ರಶ್ನೆಗಳನ್ನು ಕೊಡಬೇಕು: ಈ ನೆಲ ಯಾರದು, ಇದರ ದುರಸ್ತಿ ಮಾಡುವವರು ಯಾರು, ಇದರಿಂದ ಎತ್ತಂಗಡಿಯಾಗುವವರು ಯಾರು? ಉತ್ತರ ಹುಡುಕಿಕೊಂಡು ಅವನು ಬಸ್ತಿಯ ನಲ್ಲಿಯ ಬಳಿ ಸಾಲು ನಿಂತವರ ಹತ್ತಿರ ಹೋದರೆ, ಅರ್ಧ ಓದು ಮುಗಿದಂತೆ.