ಕೌದಿಯ ಸೂಜಿ ಮಕ್ಕಳ ಕೈಗೂ ಬರಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಎಸೆಯುವ ರೂಢಿ ಇರಲಿಲ್ಲ. ಅವು ಪದರಪದರವಾಗಿ ಕೂಡಿ ಕೌದಿಯಾಗುತ್ತಿದ್ದವು. ಕೌದಿಗೂ ಸಾಲದ ತುಂಡು ಒಲೆಯ ಬಳಿ ಮಸಿಅರಿವೆಯಾಗುತ್ತಿತ್ತು, ಇಲ್ಲವೇ ಮಗುವಿನ ಕೈಯಲ್ಲಿ ಗೊಂಬೆಯಾಗುತ್ತಿತ್ತು. ಆ ಗೊಂಬೆಗೆ ಅಜ್ಜಿಯ ಸೀರೆಯ ಬಣ್ಣವಿರುತ್ತಿತ್ತು.

ಇಂದು ಜಾತ್ರೆ, ಸಂತೆಗಳಿಂದ ಮನೆಗೆ ಬರುವ ಮೆತ್ತನೆಯ ಕರಡಿಯ ಹೊರಮೈ ಬಹುಮಟ್ಟಿಗೆ ಪಾಲಿಯೆಸ್ಟರ್, ಒಳಗಿನ ತುಂಬುವಿಕೆಯೂ ಅದೇ; ಅಂದರೆ ಕಚ್ಚಾತೈಲದಿಂದ ಹುಟ್ಟಿದ ಪ್ಲಾಸ್ಟಿಕ್. ಹರಿದ ಮೇಲೆ ಅದು ತಿಪ್ಪೆಯಲ್ಲಿ ಕೊಳೆಯದು, ಸುಟ್ಟರೆ ಉಸಿರಿಗೆ ಕೇಡು. ಮಳೆಗಾಲದಲ್ಲಿ ಹಳ್ಳ ಹಿಡಿದು ಕಾಗಿಣಾ ನದಿಯ ದಾರಿ ಕಾಣುತ್ತದೆ. ಆಟಿಕೆಗಳ ಮೇಲೆ ಐಎಸ್‌ಐ ಗುರುತು ಕಡ್ಡಾಯವೆಂಬ ಕೇಂದ್ರ ಸರ್ಕಾರದ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಿದೆ. ಜಾತ್ರೆಯ ಗದ್ದಲದಲ್ಲಿ ಆ ಗುರುತನ್ನು ಹುಡುಕಿ ಕೊಳ್ಳುವ ಪಾಲಕರು ವಿರಳ.

ಆದುದರಿಂದ ನಾಲ್ಕನೆಯ, ಐದನೆಯ ತರಗತಿಯ ಮಕ್ಕಳಿಗೆ ತಮ್ಮ ಗೊಂಬೆಯನ್ನು ತಾವೇ ಹೊಲಿಯಲು ಕಲಿಸಬೇಕು. ಬೇಕಾಗುವುದು ಹಳೆಯ ಬಟ್ಟೆ, ಸೂಜಿ, ದಾರ, ಕತ್ತರಿ ಮತ್ತು ದರ್ಜಿಯ ಅಂಗಡಿಯ ಚಿಂದಿ. ಹಳೆಯ ಪತ್ರಿಕೆಯ ಮೇಲೆ ಪ್ರಾಣಿಯ ಆಕಾರ ಬರೆದು, ಸುತ್ತಲೂ ಒಂದು ಬೆರಳಗಲ ಅಂಚು ಬಿಟ್ಟು, ಬಟ್ಟೆಯ ಎರಡು ತುಂಡು ಕತ್ತರಿಸಬೇಕು. ಅಂಚು ಬಿಡಲು ಮರೆತ ಮಗುವಿನ ಆನೆ ಕೊನೆಗೆ ಇಲಿಯಾಗಿ ಹೊರಬರುತ್ತದೆ. ಅಂಥ ಒಂದು ಇಲಿ ಕಲಿಸುವಷ್ಟು ಅಳತೆಯ ಪಾಠವನ್ನು ಕರಿಹಲಗೆ ಕಲಿಸಲಾರದು. ಬಟ್ಟೆಯ ಚಂದದ ಮೈಗಳನ್ನು ಒಳಮುಖವಾಗಿ ಜೋಡಿಸಿ, ಮೂರು ಬೆರಳು ಹೋಗುವಷ್ಟು ಬಾಯಿ ಬಿಟ್ಟು, ಸುತ್ತಲೂ ಒತ್ತೊತ್ತಾಗಿ ಹೊಲಿಯಬೇಕು. ಬಾಗಿದ ಕಡೆಗಳಲ್ಲಿ ಅಂಚಿಗೆ ಸಣ್ಣ ಕಚ್ಚು ಹಾಕದಿದ್ದರೆ ಕಿವಿ ಸುಕ್ಕಾಗುತ್ತದೆ. ಬಳಿಕ ಹೊರಳಿಸಿ, ಮೊದಲು ಕಾಲುಗಳಿಗೆ, ಆಮೇಲೆ ಹೊಟ್ಟೆಗೆ ಚಿಂದಿ ತುಂಬಿ ಬಾಯಿ ಮುಚ್ಚಬೇಕು. ಕಣ್ಣನ್ನು ದಾರದಿಂದಲೇ ಹೊಲಿಯುವುದು ಕ್ಷೇಮ, ಗುಂಡಿ ಕಿತ್ತುಬಂದರೆ ಮನೆಯ ಕೂಸು ನುಂಗೀತು. ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿ ಮರಳಿ ಪಡೆಯುವ ಹೊಣೆ ಶಿಕ್ಷಕರದು.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಶಹಾಬಾದದ ಕಲ್ಲುಗಣಿಗಳಲ್ಲಿ, ವಾಡಿ–ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳ ಧೂಳಿನಲ್ಲಿ ದುಡಿಯುವ ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳುಹಿಸುವುದೇ ಕೈದುಡಿಮೆಯಿಂದ ಪಾರಾಗಲಿ ಎಂದು. ಅವರ ಮಕ್ಕಳಿಗೆ ಸೂಜಿ ಕೊಟ್ಟು, ಪಟ್ಟಣದ ಮಕ್ಕಳಿಗೆ ಕಂಪ್ಯೂಟರ್ ಕೊಡುವುದು ನ್ಯಾಯವೇ? ಪ್ರಶ್ನೆ ಸರಿಯಾದುದೇ. 1937ರ ವಾರ್ಧಾ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಕೈಕಸುಬಿನ ಆದಾಯದಿಂದ ಶಾಲೆಯ ಖರ್ಚು ಹೊರಡಬೇಕೆಂಬ ವಿಚಾರ ಬಂದಾಗಲೂ ಇಂಥದೇ ಟೀಕೆ ಎದ್ದಿತ್ತು. ಹೀಗಾಗಿ ಶಾಲೆಯ ಗೊಂಬೆ ಮಾರಾಟಕ್ಕಿರಕೂಡದು. ಅದು ಹೊಲಿದ ಮಗುವಿನದು, ಸಂಜೆ ಅದರೊಡನೆ ಮನೆಗೆ ಹೋಗಬೇಕು. ವಸ್ತುಪ್ರದರ್ಶನಕ್ಕೆಂದು ತಾಯಿ ರಾತ್ರಿಯೆಲ್ಲ ಕುಳಿತು ಹೊಲಿದುಕೊಡುವ ಪದ್ಧತಿಯೂ ಬೇಡ. ಡೊಂಕು ಗೊಂಬೆಗೆ ನಾಚಿಕೆಪಡಬೇಕಿಲ್ಲ.

ಹುಡುಗರನ್ನು ಹೊರಗಿಡುವುದಂತೂ ಸಲ್ಲದು. ಊರಿನ ದರ್ಜಿ ಗಂಡಸಾಗಿರುವಾಗ ಶಾಲೆಯ ಸೂಜಿ ಮಾತ್ರ ಹೆಣ್ಣುಮಕ್ಕಳಿಗೆ ಮೀಸಲೇಕೆ?

ಆಕಾರಗಳಿಗಾಗಿ ದೂರ ಹೋಗಬೇಕಾಗಿಲ್ಲ. 1880ರ ಸುಮಾರಿಗೆ ಜರ್ಮನಿಯ ಮಾರ್ಗರೆಟ್ ಸ್ಟೈಫ್ ಎಂಬ ಹೊಲಿಗೆಗಾರ್ತಿ ಸೂಜಿ ಚುಚ್ಚಿಡಲೆಂದು ಮಾಡಿದ ಬಟ್ಟೆಯ ಆನೆ ಮಕ್ಕಳಿಗೆ ಆಟಿಕೆಯಾಗಿಬಿಟ್ಟಿತು, ಅದರಿಂದ ದೊಡ್ಡ ಉದ್ಯಮವೇ ಬೆಳೆಯಿತು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅಲ್ಲಿ ತೋಳವಿದೆ, ಕತ್ತೆಕಿರುಬವಿದೆ. ಕಾಣದ ದೇಶದ ಕರಡಿಗಿಂತ ಕೊಂಚಾವರಂ ಗುಡ್ಡದ ತೋಳವನ್ನು ಹೊಲಿದ ಮಗು, ಅದರ ಬಾಲ ಎಷ್ಟುದ್ದ, ಕಿವಿ ಹೇಗೆ ನಿಲ್ಲುತ್ತದೆ ಎಂದು ಕೇಳದೆ ಇರದು. ಕಲಿಸುವವರೂ ಅಲ್ಲಿಯೇ ಇದ್ದಾರೆ: ಕನ್ನಡಿ, ಕವಡೆ ಕೂಡಿಸಿ ಕಸೂತಿ ಹಾಕಬಲ್ಲ ತಾಂಡಾಗಳ ಹಿರಿಯ ಲಂಬಾಣಿ ಮಹಿಳೆಯರು, ಕೌದಿ ಹೊಲಿಯುವ ಅಜ್ಜಿಯರು. ಶಾಲೆಗಳು ಅವರನ್ನು ಗೌರವದಿಂದ ಕರೆಯಬೇಕು, ಅವರ ಒಂದು ದಿನದ ಕೂಲಿ ತಪ್ಪುವುದನ್ನು ಎಸ್‌ಡಿಎಂಸಿಯವರು ತುಂಬಿಕೊಡಬೇಕು.

ಮಣ್ಣೆತ್ತಿನ ಅಮಾವಾಸ್ಯೆಗೆ ಈ ಭಾಗದ ಮನೆಗಳಲ್ಲಿ ಇಂದಿಗೂ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಆ ಹೊತ್ತಿಗೆ ಶಾಲೆ ಆರಂಭವಾಗಿ ಕೆಲವೇ ವಾರಗಳಾಗಿರುತ್ತವೆ. ಹಬ್ಬ ಕಳೆದ ಶನಿವಾರ ಪ್ರತಿ ಮಗುವೂ ಮನೆಯಿಂದ ಒಂದು ಹಳೆಯ ಬಟ್ಟೆ ತರಲಿ, ಮೊದಲ ಗೊಂಬೆ ಅರಿವೆಯ ಎತ್ತೇ ಆಗಲಿ.